ಕುದುರೆ ಮತ್ತು ನಾಯಿಗಳ ಭೌತಚಿಕಿತ್ಸೆ

ಪ್ರಾಣಿ ಭೌತಚಿಕಿತ್ಸೆ ಎಂದರೆ ಪ್ರಾಣಿಗಳ ಚಲನೆಯಲ್ಲಿ ಉಂಟಾಗುವ ತೊಂದರೆಗಳನ್ನು ವ್ಯಾಯಾಮ, ಅಂಗಮರ್ದನ, ಶಾಖ, ಶೈತ್ಯ, ನೀರು, ವಿದ್ಯುತ್ ಮೊದಲಾದ ಭೌತಿಕ ಸಾಧನಗಳಿಂದ ಶಮನಗೊಳಿಸುವ ಚಿಕಿತ್ಸಾ ಪದ್ಧತಿಯಾಗಿದೆ. ಜನಬಳಕೆಯಲ್ಲಿ ಇದನ್ನು ಫಿಸಿಯೋಥೆರಪಿ ಎಂದೇ ಕರೆಯುತ್ತಾರೆ. ಬೆಕ್ಕು, ಹಸು ಮುಂತಾದ ಪ್ರಾಣಿಗಳಿಗೂ ಈ ಚಿಕಿತ್ಸೆಯನ್ನು ನೀಡಬಹುದಾದರೂ ಇದು ಹೆಚ್ಚಾಗಿ ಬೆಳೆದಿರುವುದು ಕುದುರೆ ಮತ್ತು ನಾಯಿಗಳ ವಿಷಯದಲ್ಲಿ. ಇವೆರಡೂ ಮನುಷ್ಯನ ಜೊತೆಗೆ ಓಟ, ಸವಾರಿ, ಕಾವಲು, ಬೇಟೆ ಮುಂತಾದ ಶ್ರಮದ ಕೆಲಸಗಳಲ್ಲಿ ತೊಡಗಿರುವುದೇ ಇದಕ್ಕೆ ಮುಖ್ಯ ಕಾರಣ.

ಭೌತಚಿಕಿತ್ಸೆಯು ಪಶುವೈದ್ಯಕೀಯ ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ. ರೋಗವನ್ನು ನಿರ್ಣಯಿಸುವುದು, ಔಷಧ ಕೊಡುವುದು ಮತ್ತು ಶಸ್ತ್ರಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸ. ಅನಂತರ ಪ್ರಾಣಿಯು ಮತ್ತೆ ನೋವಿಲ್ಲದೆ ನಡೆಯುವಂತೆ, ದುರ್ಬಲವಾದ ಸ್ನಾಯುಗಳು ಬಲಗೊಳ್ಳುವಂತೆ ಮತ್ತು ಅದೇ ಗಾಯ ಮರುಕಳಿಸದಂತೆ ನೋಡಿಕೊಳ್ಳುವುದು ಭೌತಚಿಕಿತ್ಸೆಯ ಉದ್ದೇಶ. ಕಾಲು ಕೆಟ್ಟ ಕುದುರೆಗೆ ಮತ್ತು ಹಿಂಗಾಲುಗಳ ಸ್ವಾಧೀನ ತಪ್ಪಿದ ನಾಯಿಗೆ ದಯಾಮರಣವೊಂದೇ ದಾರಿ ಎಂದು ಹಿಂದೆ ಭಾವಿಸಲಾಗುತ್ತಿದ್ದ ಹಲವು ಸಂದರ್ಭಗಳಲ್ಲಿ ಇಂದು ಚೇತರಿಕೆಯ ಅವಕಾಶವಿದೆ.

ಇತಿಹಾಸ

ಕುದುರೆಯ ಅಂಗಪೋಷಣೆಯ ವಿಚಾರವು ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್ ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ, ಲಾಯದ ಅಂಗಳದಲ್ಲಿ ಮುಷ್ಟಿಗಾತ್ರದ ದುಂಡುಗಲ್ಲುಗಳನ್ನು ಹರಡಿ ಅವುಗಳ ಮೇಲೆ ಕುದುರೆಯನ್ನು ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಸಲಹೆ ನೀಡಿದ್ದಾನೆ. ಭಾರತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಚಿಕಿತ್ಸೆಯ ಪರಂಪರೆಯೇ ಬೆಳೆದು ಬಂದಿದೆ. ಮಹಾಭಾರತದ ನಕುಲನು ಅಶ್ವವಿದ್ಯೆಯಲ್ಲಿ ನಿಪುಣನೆಂದು ಪ್ರಸಿದ್ಧನಾಗಿದ್ದು, ಅಜ್ಞಾತವಾಸದ ಕಾಲದಲ್ಲಿ ವಿರಾಟನ ಕುದುರೆಗಳನ್ನು ನೋಡಿಕೊಂಡವನೂ ಅವನೇ. ಕನ್ನಡದಲ್ಲಿಯೂ ಪಶುವೈದ್ಯ ಸಾಹಿತ್ಯಕ್ಕೆ ದೀರ್ಘ ಇತಿಹಾಸವಿದೆ. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ ಮತ್ತು ಅಭಿನವಚಂದ್ರನ ‘ಅಶ್ವವೈದ್ಯ’ ಇದಕ್ಕೆ ನಿದರ್ಶನಗಳಾಗಿವೆ.

ಆಧುನಿಕ ಭೌತಚಿಕಿತ್ಸೆಯು ಮೊದಲು ರೂಪುಗೊಂಡದ್ದು ಮನುಷ್ಯರಿಗಾಗಿ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯು ಚಿಕಿತ್ಸಾರೂಪದ ವ್ಯಾಯಾಮಕ್ಕೆ ಶಾಸ್ತ್ರೀಯ ನೆಲೆಯನ್ನು ಒದಗಿಸಿತು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಕಟ್ಟಿದ ಅಂಗಮರ್ದಕಿಯರ ಸಂಘವು ಮುಂದೆ ಬ್ರಿಟನ್ನಿನ ಭೌತಚಿಕಿತ್ಸಕರ ವೃತ್ತಿಸಂಸ್ಥೆಯಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಭೌತಚಿಕಿತ್ಸಕ ಸರ್ ಚಾರ್ಲ್ಸ್ ಸ್ಟ್ರಾಂಗ್ ಅವರು ಲಾರ್ಡ್ ಮೌಂಟ್‌ಬ್ಯಾಟನ್ ಅವರ ಪೋಲೊ ಕುದುರೆಗಳಿಗೆ ಚಿಕಿತ್ಸೆ ನೀಡಿದರು. ಮನುಷ್ಯರ ಸ್ನಾಯುಗಳಿಗೆ ಬಳಸುತ್ತಿದ್ದ ವಿದ್ಯುತ್ ಪ್ರಚೋದನೆಯನ್ನು ಕುದುರೆಗಳಿಗೆ ಅನ್ವಯಿಸಿ, ತಮ್ಮ ಅನುಭವವನ್ನು ಪುಸ್ತಕರೂಪದಲ್ಲಿಯೂ ದಾಖಲಿಸಿದರು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ನೀಡುವ ಭೌತಚಿಕಿತ್ಸಕರದೇ ಸಂಘವೊಂದು ರೂಪುಗೊಂಡಿತು. ನಾಯಿಗಳ ಪುನಶ್ಚೇತನದಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ತರಬೇತಿಯು ಮುಖ್ಯ ಪಾತ್ರ ವಹಿಸಿತು. 2010ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಕ್ರೀಡಾವೈದ್ಯ ಮತ್ತು ಪುನಶ್ಚೇತನವು ಪಶುವೈದ್ಯಕೀಯದ ಪ್ರತ್ಯೇಕ ತಜ್ಞಶಾಖೆಯಾಗಿ ಮಾನ್ಯತೆ ಪಡೆಯಿತು.

ನೋವನ್ನು ಗುರುತಿಸುವ ಬಗೆ

ಮನುಷ್ಯ ರೋಗಿಯು ಎಲ್ಲಿ, ಯಾವಾಗ, ಎಷ್ಟು ನೋವಿದೆ ಎಂಬುದನ್ನು ಹೇಳಬಲ್ಲನು. ಪ್ರಾಣಿಗೆ ಅದು ಸಾಧ್ಯವಿಲ್ಲ. ಕುದುರೆಯು ಮೂಲತಃ ಬೇಟೆಗೆ ಗುರಿಯಾಗುವ ಪ್ರಾಣಿಯಾಗಿರುವುದರಿಂದ ದೌರ್ಬಲ್ಯವನ್ನು ತೋರಗೊಡದಿರುವುದು ಅದರ ಸ್ವಭಾವ. ನಾಯಿಯು ಯಜಮಾನನನ್ನು ಕಂಡ ಉತ್ಸಾಹದಲ್ಲಿ ನೋವನ್ನು ಮರೆತು ಓಡಿಬರಬಹುದು. ಆದ್ದರಿಂದ ಭೌತಚಿಕಿತ್ಸಕನು ಮೊದಲು ಕಲಿಯಬೇಕಾದದ್ದು ಚಲನೆಯನ್ನು ಓದುವುದನ್ನು.

ಪರೀಕ್ಷೆಯು ಸಾಮಾನ್ಯವಾಗಿ ಪ್ರಾಣಿ ನಿಂತಿರುವ ಭಂಗಿಯಿಂದ ಆರಂಭವಾಗುತ್ತದೆ. ನಾಲ್ಕು ಕಾಲುಗಳ ಮೇಲೆ ಭಾರ ಸಮನಾಗಿದೆಯೇ, ಎರಡು ಪಕ್ಕದ ಸ್ನಾಯುಗಳ ಗಾತ್ರ ಒಂದೇ ಆಗಿದೆಯೇ, ಬೆನ್ನು ಬಾಗಿದೆಯೇ ಎಂಬುದನ್ನು ಗಮನಿಸಲಾಗುತ್ತದೆ. ಅನಂತರ ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಪ್ರಾಣಿಯನ್ನು ನಡೆಸಿ ಓಡಿಸಿ ನೋಡುತ್ತಾರೆ. ಕುದುರೆಯ ಕುಂಟನ್ನು ಗುರುತಿಸಲು ಟ್ರಾಟ್ ಎನ್ನುವ ಎರಡು ತಾಳದ ಲಘು ಓಟವು ಅನುಕೂಲಕರ. ಈ ನಡೆಯಲ್ಲಿ ಕರ್ಣರೇಖೆಯಲ್ಲಿರುವ ಕಾಲುಗಳು ಜೋಡಿಯಾಗಿ ಚಲಿಸುವುದರಿಂದ ವ್ಯತ್ಯಾಸವು ಸ್ಪಷ್ಟವಾಗಿ ಕಾಣುತ್ತದೆ. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲಕ್ಕೆ ತಾಗುವಾಗ ಕುದುರೆಯು ತಲೆಯನ್ನು ಮೇಲಕ್ಕೆತ್ತುತ್ತದೆ. ಸ್ವಸ್ಥವಾದ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ಹಿಂಗಾಲಿನ ನೋವನ್ನು ಸೊಂಟದ ಏರಿಳಿತದಲ್ಲಿ ಗುರುತಿಸಬೇಕು.

ಮುಖಭಾವವೂ ಸುಳಿವು ಕೊಡುತ್ತದೆ. 2014ರಲ್ಲಿ ಪ್ರಕಟವಾದ ಕುದುರೆಯ ಮುಖಭಾವದ ಮಾಪನದಲ್ಲಿ ಹಿಂದಕ್ಕೆ ಬಿಗಿದ ಕಿವಿ, ಕುಗ್ಗಿದ ಕಣ್ಣು, ಬಿಗಿದ ದವಡೆ ಮುಂತಾದ ಆರು ಲಕ್ಷಣಗಳನ್ನು ಪರಿಗಣಿಸಲಾಗಿದೆ. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿಗಳು ಸವಾರಿಯ ಸಮಯದಲ್ಲಿ ಕಾಣುವ 24 ವರ್ತನೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಸ್ನಾಯು ಇಲ್ಲವೆ ಮೂಳೆಗಳಲ್ಲಿ ನೋವಿರುವ ಸಾಧ್ಯತೆ ಹೆಚ್ಚು ಎಂಬುದು ಅವರ ತೀರ್ಮಾನ. ಇದರ ಮಹತ್ವವೆಂದರೆ, ಬಾಲ ಬೀಸುವುದು, ಕಡಿವಾಣವನ್ನು ಜಗ್ಗುವುದು, ಮುಂದಕ್ಕೆ ಹೋಗಲು ನಿರಾಕರಿಸುವುದು ಮೊದಲಾದ ವರ್ತನೆಗಳನ್ನು ಇದುವರೆಗೆ ಕುದುರೆಯ ಮೊಂಡುತನ ಎಂದು ತಿಳಿದು ಚಾವಟಿಯಿಂದ ತಿದ್ದಲು ಹೊರಡುತ್ತಿದ್ದರು. ಅವು ನೋವಿನ ಭಾಷೆಯಾಗಿರಬಹುದು ಎಂಬ ಅರಿವು ಈಗ ಮೂಡಿದೆ.

ನಾಯಿಯಲ್ಲಿ ನೋವಿನ ಚಿಹ್ನೆಗಳು ದಿನನಿತ್ಯದ ನಡವಳಿಕೆಯಲ್ಲಿ ಅಡಗಿರುತ್ತವೆ. ಮಲಗಿದ್ದು ಏಳುವಾಗ ತಡವರಿಸುವುದು, ಮೆಟ್ಟಿಲ ಬಳಿ ನಿಂತುಬಿಡುವುದು, ವಾಹನಕ್ಕೆ ಹಾರಲು ಹಿಂಜರಿಯುವುದು, ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು, ಒಂದೇ ಕೀಲನ್ನು ಪದೇ ಪದೇ ನೆಕ್ಕುವುದು, ಮುಟ್ಟಿದರೆ ಗುರುಗುಟ್ಟುವುದು ಮುಂತಾದವು ಇದಕ್ಕೆ ಉದಾಹರಣೆಗಳು. ಇವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದರಿಂದ ಚಿಕಿತ್ಸೆ ತಡವಾಗುತ್ತದೆ.

ಕುದುರೆಯ ಶರೀರರಚನೆ ಮತ್ತು ಸಾಮಾನ್ಯ ತೊಂದರೆಗಳು

ಕುದುರೆಗೆ ಕೊರಳೆಲುಬು ಇಲ್ಲ. ಅದರ ಮುಂಗಾಲುಗಳು ಎದೆಗೂಡಿಗೆ ಮೂಳೆಯ ಕೀಲಿನಿಂದ ಜೋಡಣೆಗೊಂಡಿಲ್ಲ. ಸ್ನಾಯುಗಳ ತೊಟ್ಟಿಲಿನಲ್ಲಿ ಎದೆಯು ತೂಗುಬಿಟ್ಟಂತೆ ಇರುತ್ತದೆ. ದೇಹಭಾರದ ಸುಮಾರು ಶೇಕಡ 60ರಷ್ಟನ್ನು ಹೊರುವುದು ಈ ಮುಂಗಾಲುಗಳೇ. ಮುಂಗಾಲಿನ ಮಧ್ಯದ ಕೀಲಿನಿಂದ ಕೆಳಗೆ ಗಮನಾರ್ಹವಾದ ಸ್ನಾಯುಗಳಿಲ್ಲ. ಅಲ್ಲಿರುವುದು ಮೂಳೆ, ಸ್ನಾಯುರಜ್ಜು, ಅಸ್ಥಿರಜ್ಜು ಮತ್ತು ಚರ್ಮ ಮಾತ್ರ. ಈ ರಚನೆಯಿಂದ ಕಾಲು ಹಗುರವಾಗಿ ವೇಗ ಹೆಚ್ಚುತ್ತದೆ. ಆದರೆ ಓಟದ ಸಂಪೂರ್ಣ ಒತ್ತಡವು ಹಗ್ಗದಂತಹ ಕೆಲವೇ ರಜ್ಜುಗಳ ಮೇಲೆ ಬೀಳುತ್ತದೆ.

ಈ ಕಾರಣದಿಂದ ಪಂದ್ಯದ ಕುದುರೆಗಳಲ್ಲಿ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವಿನ ಗಾಯವು ಸಾಮಾನ್ಯ. ಬಾವು, ಬಿಸಿ ಮತ್ತು ಮುಟ್ಟಿದರೆ ನೋವು ಇದರ ಲಕ್ಷಣಗಳು. ರಜ್ಜುವಿಗೆ ರಕ್ತಸಂಚಾರ ಕಡಿಮೆ ಇರುವುದರಿಂದ ಅದು ನಿಧಾನವಾಗಿ ಗುಣವಾಗುತ್ತದೆ. ಮೊದಲ ಕೆಲವು ದಿನಗಳು ಉರಿಯೂತದ ಹಂತ. ಮುಂದಿನ ಕೆಲವು ವಾರಗಳಲ್ಲಿ ಹೊಸ ನಾರುಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಅನಂತರದ ಹಲವು ತಿಂಗಳುಗಳಲ್ಲಿ ಅವು ಎಳೆತದ ದಿಕ್ಕಿಗೆ ಅನುಗುಣವಾಗಿ ಸಾಲುಗೂಡುತ್ತವೆ. ಈ ಸಾಲುಗೂಡುವಿಕೆಗೆ ಹಿತಮಿತವಾದ ಎಳೆತ ಬೇಕು. ಹಾಗಾಗಿ ಕುದುರೆಯನ್ನು ಲಾಯದಲ್ಲಿ ಸುಮ್ಮನೆ ಕಟ್ಟಿಹಾಕುವುದರಿಂದಲೂ ಪ್ರಯೋಜನವಿಲ್ಲ, ಬಾವು ಇಳಿಯಿತೆಂದು ಕೂಡಲೇ ಓಡಿಸುವುದೂ ಅಪಾಯಕರ. ಸಾಮಾನ್ಯ ಕ್ರಮದಲ್ಲಿ ದಿನಕ್ಕೆ ಕೆಲವೇ ನಿಮಿಷಗಳ ಕೈಹಿಡಿ ನಡಿಗೆಯಿಂದ ಆರಂಭಿಸಿ, ವಾರವಾರವೂ ಅವಧಿಯನ್ನು ಹೆಚ್ಚಿಸುತ್ತಾ, ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಪ್ರಗತಿ ಕಂಡ ಮೇಲೆಯೇ ಲಘು ಓಟಕ್ಕೆ ಬಿಡಲಾಗುತ್ತದೆ. ಗಾಯವು ತೀವ್ರವಾಗಿದ್ದರೆ ಪೂರ್ಣ ವೇಗದ ಓಟಕ್ಕೆ ಮರಳಲು 9ರಿಂದ 12 ತಿಂಗಳು ಬೇಕಾಗುತ್ತದೆ. ಹೊರಗಿನಿಂದ ಕಾಲು ಗುಣವಾದಂತೆ ಕಂಡರೂ ಒಳಗಿನ ರಜ್ಜು ಬಲಗೊಂಡಿರುವುದಿಲ್ಲ. ಈ ಅಂತರವನ್ನು ಕಡೆಗಣಿಸಿದಾಗ ಗಾಯ ಮರುಕಳಿಸುವ ಅಪಾಯ ಹೆಚ್ಚು.

ಸವಾರಿಯ ಕುದುರೆಗಳಲ್ಲಿ ಬೆನ್ನುನೋವು ಮತ್ತೊಂದು ಮುಖ್ಯ ತೊಂದರೆ. ಅಳತೆಗೆ ಹೊಂದದ ಜೀನು, ಸಮತೋಲನವಿಲ್ಲದ ಸವಾರ, ಕಾಲಿನ ನೋವನ್ನು ತಪ್ಪಿಸಿಕೊಳ್ಳಲು ಕುದುರೆ ಬದಲಿಸಿಕೊಂಡ ನಡಿಗೆ, ಬೆನ್ನೆಲುಬಿನ ಮೇಲ್ಮುಳ್ಳುಗಳು ಒಂದಕ್ಕೊಂದು ತಾಗುವುದು ಮುಂತಾದವು ಇದಕ್ಕೆ ಕಾರಣ. ನೋವಿದ್ದಾಗ ಬೆನ್ನೆಲುಬಿಗೆ ಹತ್ತಿಕೊಂಡಿರುವ ಆಳದ ಸ್ನಾಯುಗಳು ಕ್ಷೀಣಿಸುತ್ತವೆ. ಗಜ್ಜರಿಯಂತಹ ತಿನಿಸನ್ನು ತೋರಿಸಿ ಕುದುರೆಯ ಮೂತಿಯನ್ನು ಎದೆಯ ಕಡೆಗೆ, ಮುಂಗಾಲುಗಳ ನಡುವಿಗೆ ಮತ್ತು ಪಕ್ಕೆಯ ಕಡೆಗೆ ಬಾಗಿಸುವ ವ್ಯಾಯಾಮವು ಈ ಸ್ನಾಯುಗಳಿಗೆ ಉಪಯುಕ್ತ. ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಕುದುರೆಗಳಿಂದ ಮೂರು ತಿಂಗಳ ಕಾಲ ಇಂತಹ ವ್ಯಾಯಾಮ ಮಾಡಿಸಲಾಯಿತು. ಆ ಅವಧಿಯ ಕೊನೆಯಲ್ಲಿ ಬೆನ್ನಿನ ಆಳದ ಸ್ನಾಯುಗಳ ಗಾತ್ರ ಹೆಚ್ಚಿದ್ದು ಅಲ್ಟ್ರಾಸೌಂಡ್ ಅಳತೆಯಲ್ಲಿ ಕಂಡುಬಂದಿತು.

ನಾಯಿಗಳಲ್ಲಿ ಸಾಮಾನ್ಯ ತೊಂದರೆಗಳು

ಹಿಪ್ ಡಿಸ್‌ಪ್ಲೇಸಿಯ: ತೊಡೆಮೂಳೆಯ ತಲೆಯು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿರುವ ದೋಷವಿದು. ನಾಯಿಗಳಲ್ಲಿ ಇದನ್ನು 1935ರಲ್ಲಿ ಮೊದಲು ವಿವರಿಸಲಾಯಿತು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮುಂತಾದ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ಅನುವಂಶೀಯತೆಯ ಜೊತೆಗೆ ಮರಿಯ ವೇಗದ ಬೆಳವಣಿಗೆ ಮತ್ತು ಅತಿಯಾದ ತೂಕವೂ ಇದಕ್ಕೆ ಕಾರಣವಾಗುತ್ತವೆ. ಹಿಂದೊಡೆಯ ಸ್ನಾಯುಗಳನ್ನು ಬಲಪಡಿಸುವುದು ಇಲ್ಲಿ ಭೌತಚಿಕಿತ್ಸೆಯ ಗುರಿ.

ಮೊಣಕಾಲಿನ ಅಸ್ಥಿರಜ್ಜು ಹರಿಯುವುದು: ನಾಯಿಯ ಹಿಂಗಾಲಿನ ಕುಂಟಿಗೆ ಇದು ಅತಿ ಸಾಮಾನ್ಯ ಕಾರಣಗಳಲ್ಲೊಂದು. ಶಸ್ತ್ರಚಿಕಿತ್ಸೆಯ ನಂತರ ಬಾವು ಇಳಿಸುವುದು, ಕೀಲನ್ನು ಮೃದುವಾಗಿ ಮಡಚಿ ಬಿಡಿಸುವುದು, ಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹೊರಿಸುವುದು, ಆಮೇಲೆ ನಡಿಗೆ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ.

ಬೆನ್ನುಮೂಳೆಯ ಡಿಸ್ಕ್ ಜಾರುವುದು: ಡಾಷ್‌ಹುಂಡ್‌ನಂತಹ ಗಿಡ್ಡಕಾಲಿನ, ಉದ್ದಬೆನ್ನಿನ ತಳಿಗಳಲ್ಲಿ ಡಿಸ್ಕುಗಳು ಎಳೆಯ ವಯಸ್ಸಿನಲ್ಲಿಯೇ ಗಡುಸಾಗುತ್ತವೆ. ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತಿದಾಗ ನಾಯಿಯ ಹಿಂಗಾಲುಗಳು ಹಠಾತ್ತನೆ ಸ್ವಾಧೀನ ತಪ್ಪಬಹುದು. ಇದು ತುರ್ತು ಪರಿಸ್ಥಿತಿ. ಗಂಟೆಗಳ ವಿಳಂಬವೂ ಫಲಿತಾಂಶವನ್ನು ಬದಲಿಸಬಲ್ಲದು. ಕಾಲ್ಬೆರಳನ್ನು ಬಲವಾಗಿ ಒತ್ತಿದಾಗ ನೋವಿನ ಅರಿವು ಉಳಿದಿದ್ದರೆ ಚೇತರಿಕೆಯ ನಿರೀಕ್ಷೆ ಹೆಚ್ಚು. ಚಿಕಿತ್ಸೆಯ ನಂತರದ ವಾರಗಳಲ್ಲಿ ಆಸರೆಪಟ್ಟಿ ಕಟ್ಟಿ ನಿಲ್ಲಿಸುವುದು, ನೀರಿನಲ್ಲಿ ನಡೆಸುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಮುಂತಾದ ಆರೈಕೆಯು ಅತ್ಯಗತ್ಯ.

ಕೀಲುಸವೆತ: ಆಸ್ಟಿಯೊಆರ್ಥ್ರೈಟಿಸ್ ಎಂದು ಕರೆಯುವ ಈ ತೊಂದರೆಯು ಕೀಲಿನ ಮೃದ್ವಸ್ಥಿ ಸವೆಯುವುದರಿಂದ ಉಂಟಾಗುತ್ತದೆ. ಇದನ್ನು ಸಂಪೂರ್ಣವಾಗಿ ಗುಣಪಡಿಸಲಾಗದು. ಆದರೆ ತೂಕ ಇಳಿಸುವುದು, ನಿಯತವಾದ ಲಘು ನಡಿಗೆ ಮತ್ತು ವೈದ್ಯರು ಸೂಚಿಸಿದ ನೋವುನಿವಾರಕಗಳಿಂದ ನಾಯಿಯ ಬದುಕನ್ನು ಹಗುರಗೊಳಿಸಬಹುದು. ತೂಕದ ಮಹತ್ವವನ್ನು ತೋರಿಸುವ ಪ್ರಸಿದ್ಧ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯ ಒಂದು ನಾಯಿಗೆ ಇನ್ನೊಂದಕ್ಕಿಂತ ಶೇಕಡ 25ರಷ್ಟು ಕಡಿಮೆ ಆಹಾರವನ್ನು ಜೀವನಪೂರ್ತಿ ನೀಡಲಾಯಿತು. ಕಡಿಮೆ ತಿಂದ ನಾಯಿಗಳ ಮಧ್ಯಾಂಕ ಆಯಸ್ಸು 13 ವರ್ಷ, ಉಳಿದವುಗಳದ್ದು 11.2 ವರ್ಷ. ಕಡಿಮೆ ತಿಂದವುಗಳಲ್ಲಿ ಕೀಲುಸವೆತವೂ ತಡವಾಗಿ ಕಾಣಿಸಿಕೊಂಡಿತು.

ಚಿಕಿತ್ಸಾ ವಿಧಾನಗಳು

ಅಂಗಮರ್ದನ: ಮೃದುವಾಗಿ ನೇವರಿಸುವುದು, ಹಿಸುಕುವುದು, ಉಜ್ಜುವುದು ಇದರ ಪ್ರಕಾರಗಳು. ಕುದುರೆ ಲಾಯಗಳಲ್ಲಿ ಮಾಲೀಸು ಬಹುಕಾಲದಿಂದ ರೂಢಿಯಲ್ಲಿದೆ. ಇದರಿಂದ ಸ್ನಾಯುಗಳ ಬಿಗಿತ ಸಡಿಲಗೊಳ್ಳುತ್ತದೆ. ದಿನವೂ ಮೈಮೇಲೆ ಕೈಯಾಡಿಸುವವರಿಗೆ ಹೊಸದಾಗಿ ಎದ್ದ ಬಾವು ಅಥವಾ ಬಿಸಿ ಬೇಗ ತಿಳಿಯುತ್ತದೆ ಎಂಬುದು ಇನ್ನೊಂದು ಪ್ರಯೋಜನ.

ಶೈತ್ಯ ಮತ್ತು ಶಾಖ: ಹೊಸ ಗಾಯಕ್ಕೆ ಶೈತ್ಯ, ಹಳೆಯ ಬಿಗಿತಕ್ಕೆ ಶಾಖ ಎಂಬುದು ಸಾಮಾನ್ಯ ನಿಯಮ. ಮಂಜುಗಡ್ಡೆಯನ್ನು ನೇರವಾಗಿ ಚರ್ಮದ ಮೇಲೆ ಇಡದೆ ಒದ್ದೆಬಟ್ಟೆಯಲ್ಲಿ ಸುತ್ತಿ ಸುಮಾರು 10ರಿಂದ 20 ನಿಮಿಷ ಇಡಲಾಗುತ್ತದೆ. ಬಾವು ಇರುವ ಹೊಸ ಗಾಯಕ್ಕೆ ಶಾಖ ಕೊಟ್ಟರೆ ಬಾವು ಹೆಚ್ಚುತ್ತದೆ.

ಜಲಚಿಕಿತ್ಸೆ: ನೀರು ದೇಹದ ಭಾರವನ್ನು ತಾನು ಹೊರುತ್ತದೆ, ಅದೇ ಸಮಯದಲ್ಲಿ ಚಲನೆಗೆ ಪ್ರತಿರೋಧ ಒಡ್ಡಿ ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ನಾಯಿಗಳ ಮೇಲೆ ನಡೆಸಿದ ಅಳತೆಯ ಪ್ರಕಾರ, ನೀರು ಹಿಂಗಾಲಿನ ಹರಡಿನ ಮಟ್ಟದಲ್ಲಿದ್ದಾಗ ಕಾಲುಗಳ ಮೇಲೆ ದೇಹತೂಕದ ಸುಮಾರು ಶೇಕಡ 91, ಮೊಣಕಾಲಿನ ಮಟ್ಟದಲ್ಲಿದ್ದಾಗ ಶೇಕಡ 85, ಸೊಂಟದ ಕೀಲಿನ ಮಟ್ಟದಲ್ಲಿದ್ದಾಗ ಕೇವಲ ಶೇಕಡ 38ರಷ್ಟು ಭಾರ ಬೀಳುತ್ತದೆ. ಈ ಲೆಕ್ಕದ ಆಧಾರದ ಮೇಲೆ ಚಿಕಿತ್ಸಕರು ನೀರಿನೊಳಗಿನ ಟ್ರೆಡ್‌ಮಿಲ್‌ನಲ್ಲಿ ನೀರಿನ ಮಟ್ಟವನ್ನು ಏರಿಳಿಸಿ, ಕೀಲಿನ ಮೇಲೆ ಬೀಳುವ ಭಾರವನ್ನು ಹಂತಹಂತವಾಗಿ ಹೆಚ್ಚಿಸುತ್ತಾರೆ.

ಚಿಕಿತ್ಸಾ ವ್ಯಾಯಾಮ: ನೆಲದ ಮೇಲೆ ಸಮಾನ ಅಂತರದಲ್ಲಿ ಇಟ್ಟ ಕೋಲುಗಳನ್ನು ದಾಟಿಸುವುದರಿಂದ ಕುದುರೆ ಮತ್ತು ನಾಯಿಗಳೆರಡೂ ಕಾಲುಗಳನ್ನು ಎತ್ತಿ ಇಡಲು ಕಲಿಯುತ್ತವೆ. ಕೂತು ಏಳಿಸುವುದು, ಇಳಿಜಾರು ಹತ್ತಿಸುವುದು, ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ ಸಮತೋಲನ ಅಭ್ಯಾಸ ಮಾಡಿಸುವುದು ನಾಯಿಗಳಿಗೆ ಉಪಯುಕ್ತ. ಕುದುರೆಗಳನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸುವುದು, ಅಗಲವಾದ ವೃತ್ತದಲ್ಲಿ ನಡೆಸುವುದು ರೂಢಿಯಲ್ಲಿದೆ.

ವಿದ್ಯುತ್ ಮತ್ತು ಇತರ ಉಪಕರಣಗಳು: ನೋವು ಶಮನಕ್ಕೆ ಮತ್ತು ಕ್ಷೀಣಿಸಿದ ಸ್ನಾಯುಗಳ ಪ್ರಚೋದನೆಗೆ ವಿದ್ಯುತ್ ಪ್ರವಾಹ, ಲೇಸರ್, ಶ್ರವಣಾತೀತ ಧ್ವನಿ, ಆಘಾತ ತರಂಗಗಳು ಬಳಕೆಯಲ್ಲಿವೆ. ಇವನ್ನು ತರಬೇತಿ ಪಡೆದವರು ಮಾತ್ರ ಬಳಸಬೇಕು.

ಮನೆಯಲ್ಲಿ ಆರೈಕೆ

ಚಿಕಿತ್ಸಾಲಯದಲ್ಲಿ ಕಳೆಯುವ ಸಮಯ ವಾರಕ್ಕೆ ಒಂದೆರಡು ಗಂಟೆ ಮಾತ್ರ. ಉಳಿದದ್ದೆಲ್ಲ ಮನೆ ಅಥವಾ ಲಾಯದಲ್ಲಿ. ನುಣುಪಾದ ಟೈಲ್ಸ್ ಮತ್ತು ಗ್ರಾನೈಟ್ ನೆಲದಲ್ಲಿ ನಾಯಿಯ ಕಾಲುಗಳು ಜಾರಿ ಕೀಲುಗಳಿಗೆ ಪೆಟ್ಟಾಗುತ್ತದೆ. ನಾಯಿ ಓಡಾಡುವ ದಾರಿಯಲ್ಲಿ ಜಾರದ ಚಾಪೆ ಹಾಸುವುದು, ಉಗುರುಗಳನ್ನು ಕತ್ತರಿಸುವುದು, ಪಾದದ ಮೆತ್ತೆಗಳ ನಡುವಿನ ಕೂದಲನ್ನು ಟ್ರಿಮ್ ಮಾಡುವುದು ಸುಲಭದ ಉಪಾಯಗಳು. ವಾರವಿಡೀ ಕಟ್ಟಿಹಾಕಿ ಭಾನುವಾರ ಗಂಟೆಗಟ್ಟಲೆ ಚೆಂಡು ಎಸೆದು ಓಡಿಸುವುದಕ್ಕಿಂತ ದಿನವೂ ಮಿತವಾಗಿ ನಡೆಸುವುದು ಹಿತಕರ. ಬೆರಳುಗಳಿಗೆ ಪಕ್ಕೆಲುಬುಗಳು ಸುಲಭವಾಗಿ ತಗಲುವಂತಿದ್ದರೆ ಸಾಮಾನ್ಯವಾಗಿ ನಾಯಿಯ ತೂಕ ಸರಿಯಿದೆ ಎಂದರ್ಥ.

ಕುದುರೆಯ ವಿಷಯದಲ್ಲಿ ಗೊರಸಿನ ಸಮತೋಲನ ಅತಿ ಮುಖ್ಯ. ಗೊರಸನ್ನು ಸರಿಯಾದ ಕಾಲಕ್ಕೆ ಕತ್ತರಿಸದಿದ್ದರೆ ಅಥವಾ ಲಾಳ ಓರೆಯಾದರೆ ಮೇಲಿನ ಎಲ್ಲ ಕೀಲುಗಳಿಗೂ ಅದರ ಪರಿಣಾಮ ತಟ್ಟುತ್ತದೆ. ಓಟಕ್ಕೆ ಮೊದಲು ಸಾಕಷ್ಟು ನಡಿಗೆ, ಓಟದ ನಂತರ ನಿಧಾನವಾಗಿ ತಣಿಸುವ ನಡಿಗೆ, ಆಗಾಗ ಜೀನಿನ ಅಳತೆಯ ಪರಿಶೀಲನೆ ಮತ್ತು ದಿನಕ್ಕಿಷ್ಟು ಹೊತ್ತು ಬಯಲಿನಲ್ಲಿ ಸ್ವತಂತ್ರವಾಗಿ ಅಡ್ಡಾಡಲು ಬಿಡುವುದು ಅಗತ್ಯ.

ಚಿಕಿತ್ಸೆ ನೀಡಬಾರದ ಸಂದರ್ಭಗಳು

ಜ್ವರ, ಸೋಂಕು, ಸ್ಥಿರಗೊಳಿಸದ ಮೂಳೆಮುರಿತ ಇದ್ದಾಗ ಭೌತಚಿಕಿತ್ಸೆಯನ್ನು ಆರಂಭಿಸುವುದಿಲ್ಲ. ತೆರೆದ ಗಾಯವಿರುವಾಗ ಜಲಚಿಕಿತ್ಸೆಯೂ, ಗಡ್ಡೆಯ ಮೇಲೆ ಅಂಗಮರ್ದನವೂ ಸಲ್ಲದು. ಶ್ರಮದ ನಂತರ ಕುದುರೆಯು ಬೆವರಿ, ಹಿಂಭಾಗದ ಸ್ನಾಯುಗಳು ಕಲ್ಲಿನಂತೆ ಬಿಗಿದು, ಮೂತ್ರವು ಕಪ್ಪುಗೆಂಪಾಗಿದ್ದರೆ ಅದು ಸ್ನಾಯುನಾಶದ ಲಕ್ಷಣ. ಆಗ ನಡೆಸುವುದಾಗಲಿ ತಿಕ್ಕುವುದಾಗಲಿ ಮಾಡದೆ ಪಶುವೈದ್ಯರನ್ನು ಕರೆಯಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬಾರದು. ಐಬುಪ್ರೊಫೇನ್‌ನಂತಹ ಔಷಧಗಳು ನಾಯಿಗಳಿಗೆ ವಿಷವಾಗಬಲ್ಲವು.

ಪುರಾವೆಗಳು ಮತ್ತು ಮಿತಿಗಳು

ಈ ಕ್ಷೇತ್ರದ ಅನೇಕ ಅಧ್ಯಯನಗಳು ಕೆಲವೇ ಪ್ರಾಣಿಗಳ ಮೇಲೆ ನಡೆದಂತಹವು. ತೂಕ ನಿಯಂತ್ರಣ ಮತ್ತು ಹಂತಹಂತದ ವ್ಯಾಯಾಮಕ್ಕೆ ಉತ್ತಮ ಆಧಾರಗಳಿವೆ. ಆಯಸ್ಕಾಂತದ ಹೊದಿಕೆ, ಲೇಸರ್ ಮುಂತಾದವುಗಳ ಬಗ್ಗೆ ಫಲಿತಾಂಶಗಳು ಏಕರೂಪವಾಗಿಲ್ಲ. ಪ್ರಾಣಿಯು ತಾನಾಗಿಯೇ ಚೇತರಿಸಿಕೊಂಡದ್ದನ್ನೂ ಚಿಕಿತ್ಸೆಯ ಫಲವೆಂದು ಭಾವಿಸುವ ಸಾಧ್ಯತೆ ಇರುತ್ತದೆ. ಆದುದರಿಂದ ಒಳ್ಳೆಯ ಚಿಕಿತ್ಸಕರು ಸ್ನಾಯುವಿನ ಸುತ್ತಳತೆ, ಕೀಲು ಮಡಚುವ ಕೋನ, ನಡಿಗೆಯ ವಿಡಿಯೊ ಮುಂತಾದ ದಾಖಲೆಗಳನ್ನು ಇಟ್ಟುಕೊಂಡು ಪ್ರಗತಿಯನ್ನು ಅಳೆಯುತ್ತಾರೆ.

ಅರ್ಹತೆ ಮತ್ತು ಕಾನೂನು

ಬ್ರಿಟನ್ನಿನಲ್ಲಿ ಪಶುಶಸ್ತ್ರವೈದ್ಯರ ಕಾಯ್ದೆ, 1966 ಮತ್ತು ಅದಕ್ಕೆ ಸಂಬಂಧಿಸಿದ ವಿನಾಯಿತಿ ಆದೇಶಗಳ ಪ್ರಕಾರ ಭೌತಚಿಕಿತ್ಸಕರು ಪಶುವೈದ್ಯರ ನಿರ್ದೇಶನದ ಮೇರೆಗೆ ಪ್ರಾಣಿಗಳಿಗೆ ಚಿಕಿತ್ಸೆ ನೀಡಬಹುದು. ಭಾರತದಲ್ಲಿ ಪಶುವೈದ್ಯ ವೃತ್ತಿಯನ್ನು ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984 ನಿಯಂತ್ರಿಸುತ್ತದೆ. ನೋಂದಾಯಿತ ಪಶುವೈದ್ಯರಿಗೆ ಮಾತ್ರ ಪಶುವೈದ್ಯಕೀಯ ವೃತ್ತಿ ನಡೆಸುವ ಅಧಿಕಾರವಿದೆ. ಹಾಗಾಗಿ ಪ್ರಾಣಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ, ಅವರ ಮಾರ್ಗದರ್ಶನದಲ್ಲಿ ಭೌತಚಿಕಿತ್ಸೆ ಪಡೆಯುವುದು ಸರಿಯಾದ ಕ್ರಮ.

ಕರ್ನಾಟಕದಲ್ಲಿ

ಕರ್ನಾಟಕಕ್ಕೆ ಕುದುರೆಗಳೊಡನೆ ಹಳೆಯ ನಂಟಿದೆ. ಟಿಪ್ಪು ಸುಲ್ತಾನನ ಕಾಲದ ಸೇನಾಕುದುರೆಗಳ ಇತಿಹಾಸವಿರುವ ಕುಣಿಗಲ್ ಸ್ಟಡ್ ಫಾರ್ಮ್, ಬೆಂಗಳೂರು ಮತ್ತು ಮೈಸೂರಿನ ಕುದುರೆ ಪಂದ್ಯಗಳು, ದಸರಾ ಮೆರವಣಿಗೆಯಲ್ಲಿ ಸಾಗುವ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಟಾಂಗಾ ಕುದುರೆಗಳು ಇದಕ್ಕೆ ಸಾಕ್ಷಿ. ಡಾಂಬರು ರಸ್ತೆಯ ಮೇಲೆ ದಿನವಿಡೀ ಗಾಡಿ ಎಳೆಯುವ ಟಾಂಗಾ ಕುದುರೆಯ ಕೀಲುಗಳಿಗೆ ಬೀಳುವ ಪೆಟ್ಟು ಪಂದ್ಯದ ಕುದುರೆಯದಕ್ಕಿಂತ ಭಿನ್ನವಾದರೂ ಕಡೆಗಣಿಸುವಂತಹದಲ್ಲ. ಸರಿಯಾದ ಲಾಳ, ಹೊರೆಯ ಮಿತಿ, ನೆರಳು, ನೀರು ಮತ್ತು ವಿಶ್ರಾಂತಿಯೇ ಅದಕ್ಕೆ ಮೊದಲ ಚಿಕಿತ್ಸೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯು ರಾಜ್ಯದ ಹೆಸರಾಂತ ಬೇಟೆತಳಿ. ಈ ತಳಿಯ ಸಂಶೋಧನೆ ಮತ್ತು ಸಂವರ್ಧನೆಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಕೇಂದ್ರವೊಂದಿದೆ. ದೃಷ್ಟಿಯಿಂದ ಬೇಟೆಯಾಡುವ ಇಂತಹ ತಳಿಗಳು ಓಡುವಾಗ ಒಂದೇ ಸುತ್ತಿನ ಹೆಜ್ಜೆಯಲ್ಲಿ ಎರಡು ಬಾರಿ ನಾಲ್ಕೂ ಕಾಲುಗಳನ್ನು ನೆಲದಿಂದ ಎತ್ತುತ್ತವೆ. ಒಮ್ಮೆ ದೇಹ ಚಾಚಿದಾಗ, ಇನ್ನೊಮ್ಮೆ ಮುದುಡಿದಾಗ. ತೆಳ್ಳಗಿನ ಮೈಕಟ್ಟು ಇವುಗಳ ಸಹಜ ಲಕ್ಷಣ. ಪಕ್ಕೆಲುಬು ಕಾಣುತ್ತದೆಯೆಂದು ಹೆಚ್ಚು ತಿನ್ನಿಸಿ ದಪ್ಪ ಮಾಡಿದರೆ, ವೇಗಕ್ಕಾಗಿ ರೂಪುಗೊಂಡ ಕೀಲುಗಳ ಮೇಲೆ ಅನಗತ್ಯ ಹೊರೆ ಬೀಳುತ್ತದೆ.

ರಾಜ್ಯದಲ್ಲಿ ಪಶುವೈದ್ಯ ಶಿಕ್ಷಣವನ್ನು ಬೀದರ್‌ನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ನೋಡಿಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯವು ಇದರ ಅಂಗಸಂಸ್ಥೆಯಾಗಿದೆ.